ಒಂದು ಬಂಡೆ, ಆರು ಮಕ್ಕಳು, ಮೂವತ್ತು ಮೀಟರ್ ಹಗ್ಗ

ಮೈಸೂರು ಪ್ರವಾಸದ ಕತೆ ಮೊದಲು ಹೇಳಿಬಿಡುತ್ತೇನೆ. ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಟ್ಟೆವು. ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಕೆ.ಆರ್.ಎಸ್. ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ನಿದ್ದೆ. ಮಾರನೆಯ ದಿನ ಪ್ರವಾಸದ ಬಗ್ಗೆ ಬರೆಯಿರಿ ಅಂದರೆ ಐದನೇ ಕ್ಲಾಸಿನವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದರು: ‘ನಾವು ಮೈಸೂರಿಗೆ ಹೋದೆವು. ತುಂಬಾ ಚೆನ್ನಾಗಿತ್ತು.’

ಒಬ್ಬ ಹುಡುಗ ಮಾತ್ರ ಒಂದು ಪ್ರಶ್ನೆ ಬರೆದಿದ್ದ. ಅರಮನೆಗೆ ಅಷ್ಟೊಂದು ಬಲ್ಬು ಹಾಕಿದ್ದಾರಲ್ಲ, ಕೆಟ್ಟಿರೋದು ಯಾವುದು ಅಂತ ಹೇಗೆ ಹುಡುಕುತ್ತಾರೆ?

ಆ ಹುಡುಗನಿಗೆ ಪರೀಕ್ಷೆಯಲ್ಲಿ ಸಾಧಾರಣ ಅಂಕ. ಕ್ಲಾಸಿನಲ್ಲಿ ಸುಮ್ನೆ ಕೂರುವುದಿಲ್ಲ ಅಂತ ದಿನಾ ನನ್ನಿಂದ ಬೈಗುಳ. ಚುರುಕು ಮಕ್ಕಳು ಅಂದರೆ ಮುಂದಿನ ಬೆಂಚಿನ ರ‍್ಯಾಂಕಿನವರು ಅಂದುಕೊಂಡಿದ್ದ ನನಗೆ ಆ ಸಾಲು ಓದಿ ನಾಚಿಕೆಯಾಯಿತು. ಮೂರನೇ ಕ್ಲಾಸಿನವರೆಗೆ ನಲಿ-ಕಲಿಯಲ್ಲಿ ಕಾರ್ಡು, ಗುಂಪು, ಆಟ ಅಂತ ತನ್ನ ವೇಗದಲ್ಲಿ ಕಲಿತ ಮಗು ನಾಲ್ಕಕ್ಕೆ ಬಂದಾಗ ಪಠ್ಯಪುಸ್ತಕದ ಮುಂದೆ ಕೂರಬೇಕು. ಹತ್ತು ನಿಮಿಷದಲ್ಲಿ ಲೆಕ್ಕ ಮುಗಿಸಿದವನಿಗೆ ನಾವು ಕೊಡುವ ಬಹುಮಾನ ಏನು? ಇನ್ನೂ ಹತ್ತು ಲೆಕ್ಕ! ಅವನು ಪಕ್ಕದವನನ್ನು ಚಿವುಟದೆ ಇನ್ನೇನು ಮಾಡಿಯಾನು?

ಮುಂದಿನ ವರ್ಷ ಪ್ರವಾಸಕ್ಕೆ ಆರು ಮಕ್ಕಳನ್ನು ಆರಿಸಿದೆ. ಅಂಕಪಟ್ಟಿ ನೋಡಲಿಲ್ಲ. ಎರಡು ತಿಂಗಳು ಒಂದು ನೋಟ್‌ಬುಕ್ ಇಟ್ಟುಕೊಂಡು, ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾರು ಕೇಳುತ್ತಾರೆ ಅಂತ ಬರೆದಿಟ್ಟೆ. ಹೋಗುವ ಜಾಗವೂ ಒಂದೇ: ಲಾಲ್‌ಬಾಗಿನ ಬಂಡೆ. ಮೆಟ್ರೊ ಇಳಿದರೆ ನಡೆದೇ ಹೋಗಬಹುದು. ಮೇಲೆ ಕೆಂಪೇಗೌಡರ ಗೋಪುರ ಇದೆ, ಎಲ್ಲರೂ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾಲಡಿಯ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಹೋಗುವ ಮೊದಲು ಎರಡು ವಾರ ಕ್ಲಾಸಿನಲ್ಲೇ ಕೆಲಸ. ಶಾಲೆಯ ಹತ್ತಿರ ಮನೆ ಕಟ್ಟುತ್ತಿದ್ದರು, ಅಲ್ಲಿಂದ ಒಂದು ಚೀಲ ಜಲ್ಲಿ ತಂದೆವು. ಲಾಲ್‌ಬಾಗಿನ ಬಂಡೆ ಕೆರೆಯುವುದು ತಪ್ಪಲ್ವಾ, ಅದಕ್ಕೆ ಪ್ರಯೋಗವೆಲ್ಲ ಜಲ್ಲಿಯ ಮೇಲೆ. ಭೂತಗನ್ನಡಿ ಹಿಡಿದರೆ ಬಿಳಿ, ಬೂದು, ಕಪ್ಪು ಬೇರೆಬೇರೆಯಾಗಿ ಕಾಣುತ್ತದೆ. ಬೆಣಚುಕಲ್ಲಿಗೆ ಮೊಳೆಯಿಂದ ಉಜ್ಜಿದರೂ ಗೀರು ಬೀಳುವುದಿಲ್ಲ. ಮಿರಮಿರ ಹೊಳೆದು ಉಗುರಿಗೆ ಪದರ ಪದರವಾಗಿ ಏಳುವುದು ಕಾಗೆಬಂಗಾರ. ಈ ಹೆಸರು ಕೇಳಿ ಮಕ್ಕಳಿಗೆ ಆದ ಖುಷಿ ಯಾವ ಪಾಠಕ್ಕೂ ಆಗಿರಲಿಲ್ಲ.

ಇಲ್ಲೇ ನಾನು ಎಡವಿದ್ದೂ. ಸುಣ್ಣದ ಕಲ್ಲಿಗೆ ಹುಳಿ ತಾಗಿದರೆ ನೊರೆ ಬರುತ್ತದೆ ಅಂತ ತೋರಿಸಲು ಸೀಮೆಸುಣ್ಣದ ತುಂಡಿನ ಮೇಲೆ ವಿನೆಗರ್ ಹಾಕಿದೆ. ಏನೂ ಆಗಲಿಲ್ಲ. ಇನ್ನಷ್ಟು ಹಾಕಿದೆ. ನೆಂದು ಮುದ್ದೆಯಾಯಿತು ಅಷ್ಟೆ. ‘ಮಿಸ್, ಹೆಸರಲ್ಲೇ ಸುಣ್ಣ ಇದೆಯಲ್ಲ, ಮತ್ತೆ ಯಾಕೆ?’ ಅಂದಳು ಒಬ್ಬಳು. ನಾವು ಬೋರ್ಡಿಗೆ ಬಳಸುವ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್ಮಿನದು, ಹೆಸರಷ್ಟೇ ಹಳೆಯದು. ನನಗದು ಮನೆಗೆ ಹೋಗಿ ಹುಡುಕಿದ ಮೇಲೆ ತಿಳಿಯಿತು. ಮರುದಿನ ಮೊಟ್ಟೆಯ ಸಿಪ್ಪೆ ತಂದೆವು, ಚೆನ್ನಾಗಿ ಗುಳ್ಳೆ ಎದ್ದಿತು. ಆದರೆ ಮಕ್ಕಳ ನೆನಪಿನಲ್ಲಿ ಉಳಿದದ್ದು ಮಿಸ್ ಸೋತ ದಿನವೇ. ಅದರಿಂದ ಲಾಭವೇ ಆಯಿತು ಅನ್ನಿಸುತ್ತದೆ. ಆಮೇಲೆ ತಪ್ಪು ಉತ್ತರ ಹೇಳಲು ಯಾರೂ ಹೆದರಲಿಲ್ಲ.

ಹೋದ ದಿನದ ಮುಖ್ಯ ಸಾಮಾನು ಬಟ್ಟೆ ಒಣಹಾಕುವ ಹಗ್ಗ, 30 ಮೀಟರ್. 300 ಕೋಟಿ ವರ್ಷಕ್ಕೆ 30 ಮೀಟರ್ ಅಂದರೆ ಒಂದು ಮೀಟರಿಗೆ 10 ಕೋಟಿ, ಒಂದು ಮಿಲಿಮೀಟರಿಗೆ ಒಂದು ಲಕ್ಷ. ಹಗ್ಗವನ್ನು ಬಂಡೆಯ ಮೇಲೆ ಹಾಸಿದೆವು. ಒಂದು ತುದಿ ಕಲ್ಲಿನ ಹುಟ್ಟು, ಇನ್ನೊಂದು ತುದಿ ಇವತ್ತು. ಡೈನೋಸಾರ್, ಮನುಷ್ಯ ಅಂತೆಲ್ಲ ಬರೆದ ಚೀಟಿಗಳನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸುವುದು ಮಕ್ಕಳ ಕೆಲಸ. ಎಲ್ಲಿ ಸಿಕ್ಕಿಸಬೇಕು ಅಂತ ನಾನು ಹೇಳುವುದಿಲ್ಲ, ವರ್ಷ ಮಾತ್ರ ಕೊಡುತ್ತೇನೆ.

ಮೊದಲು ಸುಮ್ಮನೆ ಊಹಿಸಿ ಅಂದೆ. ಡೈನೋಸಾರ್ ಚೀಟಿಯನ್ನು ಎಲ್ಲರೂ ಕಲ್ಲು ಹುಟ್ಟಿದ ತುದಿಗೇ ಒಯ್ದರು. ಲೆಕ್ಕ ಹಾಕಿದರೆ ಅವು ಹುಟ್ಟಿದ್ದು 23 ಕೋಟಿ ವರ್ಷದ ಹಿಂದೆ, ಅಂದರೆ ಇವತ್ತಿನ ತುದಿಯಿಂದ 2.3 ಮೀಟರ್. ಅಳಿದದ್ದು 66 ಸೆಂಟಿಮೀಟರ್ ದೂರದಲ್ಲಿ. ಗಾಳಿಯಲ್ಲಿ ಆಮ್ಲಜನಕ ಏರತೊಡಗಿದ್ದು ಸುಮಾರು 24 ಮೀಟರಿನಲ್ಲಿ. ಅಂದರೆ ಈ ಬಂಡೆ ಹುಟ್ಟಿದಾಗ ಉಸಿರಾಡಲು ಗಾಳಿ ಇರಲಿಲ್ಲವಾ ಅಂತ ಒಬ್ಬ ಕೇಳಿ, ತಾನೇ ಮೂಗು ಮುಚ್ಚಿಕೊಂಡು ಹಗ್ಗದ ಆ ಆರು ಮೀಟರ್ ಓಡಿ ಬಂದ. ಮನುಷ್ಯರ ಮೂರು ಲಕ್ಷ ವರ್ಷಕ್ಕೆ ಸಿಕ್ಕಿದ್ದು ಮೂರು ಮಿಲಿಮೀಟರ್. ಕ್ಲಿಪ್ಪೇ ಅದಕ್ಕಿಂತ ದಪ್ಪ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರನ್ನು ಎಲ್ಲಿ ಸಿಕ್ಕಿಸುವುದು? ಕೂದಲೆಳೆಗಿಂತ ಎಷ್ಟೋ ತೆಳು ಜಾಗ. ಆರೂ ಜನ ತಲೆ ಎತ್ತಿ ಗೋಪುರ ನೋಡಿದರು. ಆಗ ನಾನು ಬಾಯಿ ಬಿಡಲಿಲ್ಲ.

ಆಮೇಲೆ ನನ್ನ ಬಲ್ಬಿನ ಹುಡುಗನ ಥರದವಳೇ ಒಬ್ಬಳು ಕೇಳಿದಳು: ‘300 ಕೋಟಿ ಅಂತ ಯಾರು ಎಣಿಸಿದ್ದು ಮಿಸ್? ಆಗ ಯಾರೂ ಇರಲೇ ಇಲ್ವಲ್ಲ.’ ವಾಕಿಂಗ್ ಬಂದಿದ್ದವರೊಬ್ಬರು ಹಗ್ಗ ದಾಟುತ್ತಾ ನಿಂತು, ‘ಹೌದಲ್ಲ!’ ಅಂದರು.

ಇದಕ್ಕೆ ಉತ್ತರ ಹುಡುಕಲು ಮುಂದಿನ ಮೂರು ವಾರ ಹಿಡಿಯಿತು. ಹುಣಸೆ ಬೀಜ ಒಡೆದು 64 ಹೋಳು ಮಾಡಿದೆವು, ಚೌಕಾಬಾರಕ್ಕೆ ಮಾಡುತ್ತೇವಲ್ಲ ಹಾಗೆ. ಎಲ್ಲವನ್ನೂ ಎಸೆಯುವುದು, ಬಿಳಿ ಮೇಲಾಗಿ ಬಿದ್ದವನ್ನು ತೆಗೆದಿಡುವುದು, ಉಳಿದದ್ದನ್ನು ಮತ್ತೆ ಎಸೆಯುವುದು. ಉಳಿದ ಬೀಜ ನೋಡಿದರೆ ಎಷ್ಟು ಸಲ ಎಸೆದಿದ್ದೇವೆ ಅಂತ ಹೇಳಬಹುದಲ್ವಾ? ಕಲ್ಲಿನೊಳಗಿನ ಯುರೇನಿಯಂ ಹೀಗೆಯೇ ಸೀಸವಾಗುತ್ತಾ ಹೋಗುತ್ತದೆ. ಅದರ ಒಂದು ಬಗೆಯಲ್ಲಿ ಅರ್ಧ ಮುಗಿಯಲು ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಉಳಿದಿದೆ, ಎಷ್ಟು ಸೀಸ ಸೇರಿದೆ ಅಂತ ಅಳೆದು ವಯಸ್ಸು ಹೇಳುತ್ತಾರೆ. ನಮ್ಮ ಬೀಜಗಳು ಸರಿಯಾಗಿ ಅರ್ಧ ಆಗುತ್ತಿರಲಿಲ್ಲ, ಒಂದೇ ಕಡೆ ಜಾಸ್ತಿ ಬೀಳುತ್ತಿದ್ದವು. ಮಕ್ಕಳು ಅದಕ್ಕೂ ಬಿಡದೆ ಒಂದು ರೂಪಾಯಿ ನಾಣ್ಯ ಬೇಕೇ ಬೇಕು ಅಂತ ಹಟ ಹಿಡಿದರು. 64 ನಾಣ್ಯ ಕೂಡಿಸಲು ನಾನು ಕಿರಾಣಿ ಅಂಗಡಿಗೆ ಹೋಗಬೇಕಾಯಿತು.

ಮಿಕ್ಕ ಮಕ್ಕಳ ಮಾತೂ ಹೇಳಬೇಕು. ‘ನಮ್ಮನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ?’ ಅನ್ನುವ ಮುನಿಸು ಮೊದಲ ದಿನದಿಂದಲೇ ಇತ್ತು. ಅದು ನ್ಯಾಯವೇ. ಒಂದು ತಿಂಗಳ ನಂತರ ಇಡೀ ಕ್ಲಾಸನ್ನು ಅದೇ ಬಂಡೆಗೆ ಕರೆದುಕೊಂಡು ಹೋದೆವು. ಹಗ್ಗ ಹಾಸಿದ್ದು, ವಿವರಿಸಿದ್ದು ಈ ಆರು ಜನ. ಒಬ್ಬಳಿಗೆ ತಾಳ್ಮೆಯೇ ಇರಲಿಲ್ಲ. ‘ಇಷ್ಟೂ ಗೊತ್ತಾಗಲ್ವಾ!’ ಅಂತ ಗೆಳತಿಗೆ ರೇಗಿ, ಚೀಟಿ ಕಸಿದು ತಾನೇ ಸಿಕ್ಕಿಸಿದಳು. ಗೆಳತಿ ಅತ್ತಳು. ಲೆಕ್ಕಕ್ಕಿಂತ ಈ ಜಗಳ ಬಿಡಿಸುವುದೇ ನನಗೆ ಹೆಚ್ಚು ಕಷ್ಟವಾಯಿತು. ಮುಂದಿನ ಸಲದಿಂದ ಒಂದು ನಿಯಮ ಮಾಡಿದೆ: ಕ್ಲಿಪ್ಪು ವಿವರಿಸುವವರ ಕೈಯಲ್ಲಿ ಇರಬಾರದು.

ಮಾಡಬೇಕೆನ್ನುವವರಿಗೆ ಎರಡು ಮಾತು. ಬೆಳಿಗ್ಗೆ ಎಂಟಕ್ಕೇ ಹೋಗಿ, ಹನ್ನೊಂದರ ಮೇಲೆ ಬಂಡೆ ಕಾದು ಕೂರಲಾಗುವುದಿಲ್ಲ. ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನದ ದಿನಗಳು ಬೇಡವೇ ಬೇಡ. ಆರು ಮಕ್ಕಳಿಗೆ ಇಬ್ಬರು ದೊಡ್ಡವರು ಇರಲಿ, ಮನೆಯವರ ಒಪ್ಪಿಗೆ ಪತ್ರವೂ ಇರಲಿ.

ಈ ವರ್ಷ ಎಲ್ಲಿಗೆ ಅಂತ ಹೆಡ್‌ಮಿಸ್ ಕೇಳಿದರು. ಅದೇ ಬಂಡೆಗೆ ಅಂದೆ. ಮಳೆ ಬಂದ ಮರುದಿನ ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ, ಅದು ಎಷ್ಟು ದಿನಕ್ಕೆ ಆರುತ್ತದೆ, ಅಷ್ಟರಲ್ಲಿ ಅದರೊಳಗೆ ಏನು ಹುಟ್ಟುತ್ತದೆ ನೋಡಬೇಕಂತೆ. ಈ ಕೇಳಿಕೆ ಬಂದದ್ದು ಆ ಆರು ಜನರಿಂದಲ್ಲ. ಚೀಟಿ ಕಸಿದುಕೊಂಡಾಗ ಅತ್ತಿದ್ದಳಲ್ಲ, ಅವಳದು. ನೋಟ್‌ಬುಕ್ಕಿನಲ್ಲಿ ಅವಳ ಹೆಸರು ಸೇರಿಸಿದ್ದೇನೆ.