ರಿಯಲ್‌ಟೈಮ್ ಸಿಗ್ನಲ್ ಹಂಚಿಕೆ: ಡ್ರೈಯರ್ ಕಂಟ್ರೋಲರ್‌ನಲ್ಲಿ ನನ್ನ ಅನುಭವ

ಚಿಕ್ಕಮಗಳೂರಿನ ಸುತ್ತಲಿನ ಕಾಫಿ ತೋಟಗಳ ಡ್ರೈಯರ್‌ಗಳಿಗೆ ನಾನು ಮಾಡಿಕೊಡುವ ಲಿನಕ್ಸ್ ಕಂಟ್ರೋಲರ್ ಕಳೆದ ಎರಡು ಕೊಯ್ಲಿನಲ್ಲಿ ಒಮ್ಮೆಯೂ ನಡುವೆ ನಿಂತಿಲ್ಲ. ಅದರ ಒಳಗಿನ ಸುದ್ದಿ ಮುಟ್ಟುವುದು ಸಿಗ್ನಲ್‌ನಿಂದ, ಅಂದರೆ ಕರ್ನಲ್ ಪ್ರೋಗ್ರಾಂಗೆ ತಲುಪಿಸುವ ಒಂದು ಸಂಖ್ಯೆಯ ಸೂಚನೆಯಿಂದ. "ಸಿಗ್ನಲ್ ಸಹವಾಸ ಬೇಡ ಮಾರಾಯ, ಪೈಪ್ ಹಾಕಿ ಮುಗಿಸು" ಎಂದಿದ್ದ ಗೆಳೆಯರೇ ಈಗ ಸೋರ್ಸ್ ಕೇಳುತ್ತಿದ್ದಾರೆ. ಡೇಟಾ ಹರಿಸುವ ಪೈಪ್ ಹಾಕಲು ದಾರಿಯೇ ಇರಲಿಲ್ಲ: ಸೆನ್ಸರ್ ಕಾರ್ಡಿನ ಜೊತೆ ಬಂದ ಲೈಬ್ರರಿ ಬೈನರಿಯಾಗಿಯಷ್ಟೇ ಇತ್ತು, ರೀಡಿಂಗ್ ಸಿದ್ಧವಾದದ್ದನ್ನು ಅದು ಸಿಗ್‌ಆರ್‌ಟಿಮಿನ್‌ಗೆ (ಪ್ರೋಗ್ರಾಂಗಳು ತಮಗೆ ಬೇಕಾದಂತೆ ಬಳಸಿಕೊಳ್ಳುವ ರಿಯಲ್‌ಟೈಮ್ ಸಿಗ್ನಲ್‌ಗಳ ಕನಿಷ್ಠ ಸಂಖ್ಯೆ) ಒಂದು ಕೂಡಿಸಿದ ಸಿಗ್ನಲ್‌ನಿಂದ ಮಾತ್ರ ತಿಳಿಸುತ್ತಿತ್ತು.

ಮೊದಲ ಆವೃತ್ತಿಯಲ್ಲಿ ನನ್ನ ಟೈಮರ್‌ಗೆ ಬೇಕಾದ ಸಿಗ್ನಲ್ಲನ್ನು ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಒಳಗಿನ ಹಂಚಿಕೆ ಫಂಕ್ಷನ್‌ನಿಂದಲೇ ಪಡೆಯುತ್ತಿದ್ದೆ. ಅದು ಕೆಳಗಿನ ತುದಿಯಿಂದ 34 ಅನ್ನು ಕೊಟ್ಟ ಕೂಡಲೇ ಸಿಗ್‌ಆರ್‌ಟಿಮಿನ್ ತಾನೇ 35ಕ್ಕೆ ಏರುತ್ತದೆ. ಕಾರ್ಡಿನ ಲೈಬ್ರರಿ ಅದಕ್ಕೂ ಮೊದಲೇ 35ಕ್ಕೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಕೂರಿಸಿರುತ್ತಿತ್ತು, ಕಳುಹಿಸುವಾಗ ಮತ್ತೆ ಲೆಕ್ಕ ಹಾಕಿ 36ಕ್ಕೆ ಕಳುಹಿಸುತ್ತಿತ್ತು. ಹ್ಯಾಂಡ್ಲರ್ ಇಲ್ಲದ ರಿಯಲ್‌ಟೈಮ್ ಸಿಗ್ನಲ್ ಪ್ರೋಸೆಸ್ಸನ್ನೇ ಮುಗಿಸುತ್ತದೆ. ಶೆಲ್‌ನಲ್ಲಿ "ರಿಯಲ್-ಟೈಮ್ ಸಿಗ್ನಲ್ 2" ಎಂಬ ಒಂದು ಸಾಲು ಬಿಟ್ಟರೆ ಬೇರೆ ಸುಳಿವಿಲ್ಲ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರಾತ್ರಿ ಡ್ರೈಯರ್ ನಿಂತು ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ) ಅರೆ ಒಣಗಿ ಉಳಿಯಿತು. ಕರೆಂಟಿನ ತೊಂದರೆ ಇರಬಹುದೆಂದು ಬೋರ್ಡು, ಪವರ್ ಸಪ್ಲೈ ಬದಲಿಸಿದ್ದಕ್ಕೆ ಹದಿನಾಲ್ಕು ಸಾವಿರದಷ್ಟು ಹೋಯಿತು. ನನಗೆ ಬರಬೇಕಿದ್ದ ಬಾಕಿ ನಲವತ್ತು ಸಾವಿರ ಕೈಗೆ ಬಂದದ್ದು ಮಳೆಗಾಲ ಶುರುವಾದ ಮೇಲೆ.

ಈಗ ಹಂಚಿಕೆಯೆಲ್ಲ ನನ್ನದೇ ಪುಟ್ಟ ಲೈಬ್ರರಿಯದು, ಇನ್ನೂರು ಸಾಲೂ ಇರಲಾರದು. ಕಾರ್ಡಿನ ಲೈಬ್ರರಿ ಮೊದಲು ಏಳುತ್ತದೆ. ಆಮೇಲೆ ಕನಿಷ್ಠ, ಗರಿಷ್ಠ ಸಂಖ್ಯೆಗಳನ್ನು ಒಮ್ಮೆ ಮಾತ್ರ ಓದಿ ಇಟ್ಟುಕೊಂಡು, ಪ್ರತಿ ಸಂಖ್ಯೆಯನ್ನೂ ಸಿಗ್‌ಆ್ಯಕ್ಷನ್ ಎಂಬ ಕರೆಯಿಂದ ಬರೀ ವಿಚಾರಿಸಿ, ಹ್ಯಾಂಡ್ಲರ್ ಇರುವುದನ್ನು ಬಿಟ್‌ಮ್ಯಾಪ್‌ನಲ್ಲಿ (ಸಂಖ್ಯೆಗೊಂದು ಬಿಟ್ ಇರುವ ಪಟ್ಟಿ) ತುಂಬಿದೆ ಎಂದು ಗುರುತಿಸುತ್ತೇನೆ. ಜಿಲಿಬ್‌ಸಿಯ ಫಂಕ್ಷನ್‌ನಲ್ಲಿ ಇಬ್ಬರು ಒಟ್ಟಿಗೆ ಕೇಳದಂತೆ ತಡೆಯುವ ಲಾಕ್ ಇಲ್ಲ, ಪಡೆದದ್ದನ್ನು ಹಿಂದಿರುಗಿಸುವ ದಾರಿಯೂ ಇಲ್ಲ. ನನ್ನದರಲ್ಲಿ ಎರಡೂ ಇವೆ. ಚಿಕ್ಕ ಸಂಖ್ಯೆಯ ಸಿಗ್ನಲ್ ಮೊದಲು ತಲುಪುವುದರಿಂದ ಅತಿ ಬಿಸಿಯ ಅಲಾರಂಗೆ ಖಾಲಿ ಇರುವುದರಲ್ಲಿ ಅತಿ ಚಿಕ್ಕದನ್ನೂ, ಲಾಗ್ ಬರೆಯುವುದಕ್ಕೆ 64ರ ಹತ್ತಿರದ ದೊಡ್ಡದನ್ನೂ ಕೊಡುತ್ತೇನೆ. ನನ್ನ ಸಿಗ್ನಲ್‌ಗಳನ್ನೆಲ್ಲ ಯಾವ ಥ್ರೆಡ್ಡೂ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಹುಟ್ಟುವ ಮೊದಲೇ ಬ್ಲಾಕ್ ಮಾಡಿ, ಒಂದೇ ಥ್ರೆಡ್ಡಿನಲ್ಲಿ ಸಿಗ್‌ವೇಟ್‌ಇನ್ಫೋ ಎಂಬ ಕಾದು ಪಡೆಯುವ ಕರೆಯ ಮೂಲಕ ಪಡೆಯುತ್ತೇನೆ. ಎಸ್ಸೆಮ್ಮೆಸ್ ಕಳುಹಿಸುವ ಸ್ಕ್ರಿಪ್ಟನ್ನು ಎಕ್ಸೆಕ್ ಕರೆಯಿಂದ ಓಡಿಸುವ ಮೊದಲು ಆ ಬ್ಲಾಕ್ ತೆಗೆಯಲೇಬೇಕು, ಇಲ್ಲದಿದ್ದರೆ ಮಾಸ್ಕ್ (ಬ್ಲಾಕ್ ಆದ ಸಿಗ್ನಲ್‌ಗಳ ಪಟ್ಟಿ) ಅದಕ್ಕೂ ಅಂಟಿಕೊಂಡು ಹೋಗುತ್ತದೆ. ತಡವಾಗಿ ಬಂದು ಸಂಖ್ಯೆ ಕಬಳಿಸುವ ಲೈಬ್ರರಿಯನ್ನು ಹಿಡಿಯುವ ಉಪಾಯವೂ ಒಂದಿದೆ. ಅದು ಸದ್ಯ ನನ್ನಲ್ಲೇ ಇರಲಿ.

ಕುತೂಹಲಕ್ಕೆ ಸಿಗ್ನಲ್ ಕಳುಹಿಸುವ ಸಿಗ್‌ಕ್ಯೂ ಕರೆಯಿಂದ, ತಲುಪದೆ ಕಾಯುವ ಸಿಗ್ನಲ್‌ಗಳ ಕ್ಯೂ ತುಂಬಿಸಿ ನೋಡಿದೆ. ನನ್ನ ಬೋರ್ಡಿನಲ್ಲಿ ಎರಡು ಸಾವಿರದ ಒಳಗೇ ಇಎಗೇನ್ (ಜಾಗವಿಲ್ಲ, ಮತ್ತೆ ಪ್ರಯತ್ನಿಸು ಎಂಬ ದೋಷ) ಬಂತು, ಮತ್ತು ಆ ಮಿತಿ ಪ್ರೋಸೆಸ್ಸಿಗಲ್ಲ, ಯೂಸರ್‌ಗೆ. ಅಂದಿನಿಂದ ಕಂಟ್ರೋಲರ್‌ಗೆ ಪ್ರತ್ಯೇಕ ಯೂಸರ್ ಇದೆ. ಮೊದಲೇ ಸೃಷ್ಟಿಸಿದ್ದ ಟೈಮರ್‌ಗಳಿಗೆ ಆಗಲೂ ಏನೂ ಆಗಲಿಲ್ಲ, ಅವುಗಳ ಜಾಗವನ್ನು ಕರ್ನಲ್ ಸೃಷ್ಟಿಸುವಾಗಲೇ ಕಾದಿರಿಸುತ್ತದೆ. ಜಿಲಿಬ್‌ಸಿಗೆ ಬದಲಾಗಿ ಬಳಸುವ ಮಸಲ್ ಎಂಬ ಸಿ ಲೈಬ್ರರಿಯಲ್ಲಿ ಅದೇ ಕೋಡ್ 35ರಿಂದ ಶುರುವಾಯಿತು, ಒಂದು ಸಾಲನ್ನೂ ತಿದ್ದಲಿಲ್ಲ. ಮಿಪ್ಸ್ ಚಿಪ್ಪಿನ ಹಳೆಯ ರೂಟರ್‌ನಲ್ಲಿ ಮಾತ್ರ ಗರಿಷ್ಠ ಸಂಖ್ಯೆ 127 ಆದದ್ದರಿಂದ ಬಿಟ್‌ಮ್ಯಾಪ್‌ಗೆ 64 ಬಿಟ್‌ನ ಒಂದು ಪದ ಸಾಲದೆ ಅಂಥ ಎರಡು ಮಾಡಿಕೊಂಡೆ.