ಫಾರಿನ್‌ನಿಂದ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ತರ್ಸ್ತಿದೀರಾ? ಪಿಒ (ಪರ್ಚೇಸ್ ಆರ್ಡರ್) ಕಳ್ಸೋ ಮುಂಚೆ ಇದನ್ನ ಓದಿ

ನಮ್ಮ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ, ಆಮೇಲೆ ಮಂಡ್ಯದ ತೂಬಿನಕೆರೆ, ಸೋಮನಹಳ್ಳಿ ಕಡೆ ಹಾಲಿನ ಟ್ಯಾಂಕು, ಹೋಟೆಲ್ ಕಿಚನ್ ಸಾಮಾನು, ಆಲೆಮನೆ ಕೊಪ್ಪರಿಗೆ ಮಾಡೋ ಯೂನಿಟ್‌ಗಳಲ್ಲಿ ಪರ್ಚೇಸ್ ನೋಡ್ಕೊಳ್ಳೋ ಹುಡುಗ್ರು ಫೋನ್ ಮಾಡಿ ಕೇಳೋದು ಒಂದೇ ಮಾತು, ಸಾರ್ ಹೊರದೇಶದಿಂದ ಶೀಟ್ ಕೊಟೇಶನ್ ಬಂದಿದೆ, ರೇಟ್ ಚೆನ್ನಾಗಿದೆ, ಓಕೆ ಮಾಡ್ಲಾ ಅಂತ. ನೀನು ಎನ್‌ಕ್ವೈರಿಲಿ ಏನು ಬರ್ದಿದ್ದೆ ಅಂತ ನಾನು ಕೇಳಿದ್ರೆ ಅವ್ರು ಹೇಳೋದು, "ಎಸ್‌ಎಸ್ 304 ಶೀಟ್, 1.5 ಎಂಎಂ, 8 ಬೈ 4, ಬೆಸ್ಟ್ ಕ್ವಾಲಿಟಿ". ಅಷ್ಟೇ. ಬೆಂಗ್ಳೂರಿನ ಡೀಲರ್‌ಗಾದ್ರೆ ಇಷ್ಟೇ ಸಾಕು, ಅವನಿಗೆ ನೀವು ಏನು ಮಾಡ್ತೀರಿ ಅಂತ ಗೊತ್ತು, ಮಾಲು ಸರಿ ಇಲ್ಲ ಅಂದ್ರೆ ಅದೇ ವಾರ ವಾಪಸ್ ಕಳಿಸ್ಬಹುದು. ಸಮುದ್ರದ ಆಚೆ ಇರೋನಿಗೆ ಇದ್ಯಾವ್ದೂ ಗೊತ್ತಿಲ್ಲ. ನೀವು ಬರೀದೆ ಬಿಟ್ಟಿದ್ದನ್ನೆಲ್ಲ ಅವನು ತನಗೆ ಯಾವ್ದು ಅಗ್ಗವೋ ಅದ್ರಲ್ಲಿ ತುಂಬ್ತಾನೆ, ಆಮೇಲೆ ಜಗಳ ಆಡೋಕೆ ನಿಮ್ಮ ಕೈಲಿ ಕಾಗದಾನೇ ಇರಲ್ಲ.

ಮೊದ್ಲು ಗ್ರೇಡ್. ಬರೀ "304" ಅಂತ ಬರೀಬೇಡಿ, ಸ್ಟ್ಯಾಂಡರ್ಡ್ ಜೊತೆ ಬರೀರಿ: ಶೀಟು ಪ್ಲೇಟಿಗೆ ಅಮೆರಿಕದ ಸ್ಟ್ಯಾಂಡರ್ಡ್ ಎಎಸ್‌ಟಿಎಂ ಎ240, ಯುಎನ್‌ಎಸ್ ನಂಬರ್ (ಲೋಹಕ್ಕೆ ಕೊಡೋ ಕೋಡು) ಎಸ್30400, ಎಲ್ ಗ್ರೇಡ್ (ಕಾರ್ಬನ್ ಕಮ್ಮಿ ಇರೋದು) ಬೇಕಾದ್ರೆ ಎಸ್30403. ಯುರೋಪಿನವರಿಗೆ ಇವು 1.4301, 1.4307. ಎ240 ಪ್ರಕಾರ 304ರಲ್ಲಿ ಕ್ರೋಮಿಯಂ 17.5ರಿಂದ 19.5 ಪರ್ಸೆಂಟ್, ನಿಕ್ಕಲ್ 8ರಿಂದ 10.5 ಪರ್ಸೆಂಟ್ ಇರ್ಬೇಕು. ಈ ಎರಡು ನಂಬರನ್ನ ಪಿಒದಲ್ಲೇ ಹಾಕ್ಬಿಡಿ, ಯಾಕಂದ್ರೆ ಇದ್ರಲ್ಲಿ ದುಬಾರಿ ಅಂದ್ರೆ ನಿಕ್ಕಲ್, ಕಳ್ಳಾಟ ಎಲ್ಲ ನಡಿಯೋದು ಅಲ್ಲೇ. 201 ಅಂತ ಇನ್ನೊಂದು ಗ್ರೇಡ್ ಇದೆ, ಅದ್ರಲ್ಲಿ ನಿಕ್ಕಲ್ 3.5ರಿಂದ 5.5 ಮಾತ್ರ, ಕಮ್ಮಿಯಾಗಿದ್ದನ್ನ ಮ್ಯಾಂಗನೀಸ್ ಹಾಕಿ ಸರಿದೂಗಿಸಿರ್ತಾರೆ, ನೋಡೋಕೆ ಥೇಟ್ 304 ಥರಾನೇ ಹೊಳಿಯುತ್ತೆ. ನಮ್ಮೋರು ತುಂಬಾ ಜನ ಮ್ಯಾಗ್ನೆಟ್ ಇಟ್ಟು ನೋಡಿ, ಅಂಟ್ಲಿಲ್ಲ, ಹಾಗಾದ್ರೆ 304 ಅಂತ ತೀರ್ಮಾನ ಮಾಡ್ತಾರೆ. 201ಕ್ಕೂ ಮ್ಯಾಗ್ನೆಟ್ ಅಂಟಲ್ಲ ಕಣ್ರೀ. ಒಳ್ಳೆ 304ನ್ನೇ ಬೆಂಡ್ ಮಾಡಿದ್ರೆ ಆ ಬೆಂಡಿನ ಜಾಗದಲ್ಲಿ ಸ್ವಲ್ಪ ಎಳೆಯುತ್ತೆ. ಮ್ಯಾಗ್ನೆಟ್ ಟೆಸ್ಟ್ ನಂಬ್ಕೊಂಡು ದುಡ್ಡು ಕೊಡ್ಬೇಡಿ.

ವೆಲ್ಡಿಂಗ್ ಇದ್ಯಾ? ಹಾಗಿದ್ರೆ ಎಲ್ ಗ್ರೇಡ್ ಕೇಳಿ, ಅಂದ್ರೆ ಕಾರ್ಬನ್ 0.030 ಪರ್ಸೆಂಟ್ ಒಳಗೆ. ಕಾರ್ಬನ್ ಜಾಸ್ತಿ ಇದ್ರೆ ವೆಲ್ಡ್ ಪಕ್ಕದಲ್ಲಿ ಬಿಸಿ ತಗೊಂಡ ಜಾಗದಲ್ಲಿ ಕ್ರೋಮಿಯಂ ಕಾರ್ಬೈಡ್ ಆಗಿ ಕೂತ್ಕೊಳ್ಳುತ್ತೆ, ಸುತ್ತಮುತ್ತ ಕ್ರೋಮಿಯಂ ಕಮ್ಮಿಯಾಗುತ್ತೆ, ತುಕ್ಕು ಅಲ್ಲಿಂದಾನೇ ಶುರು. ದಪ್ಪ ಪ್ಲೇಟಲ್ಲಿ ಇದು ಜಾಸ್ತಿ. "304/304ಎಲ್ ಡ್ಯುಯಲ್ ಸರ್ಟಿಫೈಡ್" ಅಂತ ಬರದ್ರೆ ಎಲ್‌ನ ಕಾರ್ಬನ್ನೂ ಸಿಗುತ್ತೆ, 304ರ ಸ್ಟ್ರೆಂತೂ ಸಿಗುತ್ತೆ, ದೊಡ್ಡ ಮಿಲ್‌ಗಳಲ್ಲಿ ಇದು ಮಾಮೂಲಿ ಐಟಂ. ಇನ್ನು ಉಪ್ಪು, ಕ್ಲೋರಿನ್, ಉಪ್ಪಿನಕಾಯಿ ಥರ ಕೆಲಸ ಇದ್ರೆ 316ಎಲ್, ಮಾಲಿಬ್ಡಿನಂ 2ರಿಂದ 3 ಪರ್ಸೆಂಟ್ ಅಂತ ಬರ್ದೇ ಕೇಳಿ. ಹಾಗೇ ಆ ಮಾಲು ಏತಕ್ಕೆ ಅಂತ ಒಂದು ಸಾಲು ಸೇರಿಸಿ, "ಹಾಲಿನ ಟ್ಯಾಂಕಿನ ಒಳಗಿನ ಶೆಲ್, ಟಿಗ್ ವೆಲ್ಡ್ ಆಗುತ್ತೆ" ಅಂತ. ಒಳ್ಳೆ ಸಪ್ಲೈಯರ್ ಆದ್ರೆ ಅದನ್ನ ನೋಡಿ ಅವನೇ ವಾಪಸ್ ಪ್ರಶ್ನೆ ಕೇಳ್ತಾನೆ.

ಈಗ ಅಳತೆ. ನನ್ನ ಪ್ರಕಾರ ಜಾಸ್ತಿ ದುಡ್ಡು ಸೋರಿ ಹೋಗೋದು ಇಲ್ಲೇ. ಗೇಜ್‌ನಲ್ಲಿ ಬರೀಲೇಬೇಡಿ. 16 ಗೇಜ್ ಅಂದ್ರೆ ಬ್ರಿಟಿಷ್ ಎಸ್‌ಡಬ್ಲ್ಯುಜಿ ಲೆಕ್ಕದಲ್ಲಿ 1.63 ಎಂಎಂ, ಅಮೆರಿಕದವರ ಸ್ಟೇನ್‌ಲೆಸ್ ಗೇಜ್‌ನಲ್ಲಿ 1.59, ಟ್ಯೂಬಿನವರು ಹೇಳೋ ಬಿಡಬ್ಲ್ಯುಜಿಲಿ 1.65. ಯಾವ್ದು ಅಂತ ನೀವು ಹೇಳ್ಲಿಲ್ಲ ಅಂದ್ರೆ ತೆಳ್ಳಗಿರೋದೇ ಬರೋದು. ಎಂಎಂನಲ್ಲಿ ಬರೀರಿ, ಅದ್ರ ಜೊತೆ ಕನಿಷ್ಠ ಎಷ್ಟು ಇರ್ಲೇಬೇಕು ಅನ್ನೋದನ್ನೂ ಬರೀರಿ. ಒಂದು ಲೆಕ್ಕ ಹಾಕೋಣ. 1250 ಬೈ 2500, 1.5 ಎಂಎಂ ಶೀಟು, ಡೆನ್ಸಿಟಿ 7.93 ಹಿಡಿದ್ರೆ ಒಂದು ಶೀಟ್ ಸುಮಾರು 37.2 ಕೆಜಿ. ಅದೇ ಶೀಟು 1.35 ಬಂದ್ರೆ 33.5 ಕೆಜಿ. ಇನ್‌ವಾಯ್ಸ್ ಥಿಯರೆಟಿಕಲ್ ವೆಯ್ಟ್ (ತೂಗದೆ, ಬರೆದ ಅಳತೆಯಿಂದ ಲೆಕ್ಕ ಹಾಕಿದ ತೂಕ) ಮೇಲೆ ಇದ್ರೆ ಪ್ರತಿ ಶೀಟಲ್ಲೂ 3.7 ಕೆಜಿ ಗಾಳಿಗೆ ದುಡ್ಡು ಕೊಟ್ಟ ಹಾಗೆ, ಟನ್ನಿಗೆ ನೂರು ಕೆಜಿ ಹೋಯ್ತು. ಆ ಒಳ್ಳೆ ರೇಟ್ ಎಲ್ಲಿಂದ ಬಂತು ಅಂತ ಆಗ ಗೊತ್ತಾಗುತ್ತೆ. ಅದಕ್ಕೆ "1.50 ಎಂಎಂ, ಯಾವ ಜಾಗದಲ್ಲೂ 1.42ಕ್ಕಿಂತ ಕಮ್ಮಿ ಇರ್ಬಾರ್ದು, ಬಿಲ್ಲಿಂಗ್ ಆಕ್ಚುಯಲ್ ನೆಟ್ ವೆಯ್ಟ್ ಮೇಲೆ" ಅಂತ ಹಾಕಿ, ನಂಬರ್ ನಿಮ್ಮ ಕೆಲಸಕ್ಕೆ ತಕ್ಕಂಗೆ ಬದಲಾಯ್ಸ್ಕೊಳ್ಳಿ. "8 ಬೈ 4" ಅನ್ನೋದೂ ಬೇಡ, ಅದು 1219 ಬೈ 2438, ಎಷ್ಟೋ ಮಿಲ್ಲಲ್ಲಿ ಸ್ಟಾಕ್ ಇರೋದು 1250 ಬೈ 2500, ನಿಮ್ಮ ಲೇಸರ್ ನೆಸ್ಟಿಂಗ್ (ಶೀಟಲ್ಲಿ ಪಾರ್ಟುಗಳನ್ನ ಜೋಡ್ಸಿ ಕಟ್ ಮಾಡೋ ಲೇಔಟು) ಯಾವ್ದರ ಮೇಲೆ ಹಾಕಿದ್ರೋ ಅದನ್ನೇ ಕೇಳಿ.

ಪೈಪಿಂದು ಇನ್ನೂ ಕಷ್ಟ. "2 ಇಂಚ್ ಪೈಪ್" ಅಂದ್ರೆ ಎಎಸ್‌ಟಿಎಂ ಎ312 ಪೈಪ್‌ನವನು 60.3 ಎಂಎಂ ಹೊರವ್ಯಾಸದ್ದು ಕಳಿಸ್ತಾನೆ, ಟ್ಯೂಬಿನವನು 50.8 ಕಳಿಸ್ತಾನೆ. ನಿಮ್ಮ ಹತ್ರ ಇರೋ ಡೈರಿ ಯೂನಿಯನ್ನು (ಪೈಪ್ ಜಾಯಿಂಟು) ಡಿಐಎನ್, ಅಂದ್ರೆ ಜರ್ಮನ್ ಸ್ಟ್ಯಾಂಡರ್ಡ್ ಸೈಜಿಂದಾಗಿದ್ರೆ ಅದಕ್ಕೆ ಬೇಕಾಗಿರೋದು 53. ಮೂರಕ್ಕೆ ಮೂರೂ ಸರಿ, ಒಂದಕ್ಕೊಂದು ಸೇರಲ್ಲ. ಹೊರವ್ಯಾಸ, ಗೋಡೆ ದಪ್ಪ, ಉದ್ದ, ಸೀಮ್‌ಲೆಸ್ಸಾ ವೆಲ್ಡೆಡ್ಡಾ, ಒಳಗಿನ ವೆಲ್ಡ್ ಬೀಡ್ ತೆಗೆದಿರ್ಬೇಕಾ, ಇಷ್ಟೂ ಬರೀರಿ. ರೇಲಿಂಗ್‌ಗೆ ಮಾಡೋ ಎ554 ಟ್ಯೂಬನ್ನ ಹಾಲಿನ ಲೈನಿಗೆ ತರ್ಸ್ಕೋಬೇಡಿ, ಅದಕ್ಕೆ ಎ270 ಸ್ಯಾನಿಟರಿ ಟ್ಯೂಬೇ ಇದೆ.

ಫಿನಿಶ್ ವಿಷ್ಯ ಚಿಕ್ಕದು. ನಂ.1 ಅಂದ್ರೆ ಹಾಟ್ ರೋಲ್ಡ್, ಒರಟು. 2ಬಿ ಅಂದ್ರೆ ಕೋಲ್ಡ್ ರೋಲ್ಡ್, ಮಂದ ಹೊಳಪು, ಜಾಸ್ತಿ ಓಡೋದು ಇದೇ. ನಂ.4 ಅಂದ್ರೆ ಗೆರೆ ಗೆರೆ ಬ್ರಶ್ ಫಿನಿಶ್, ಗೆರೆ ಶೀಟಿನ ಉದ್ದಕ್ಕೆ ಇರ್ಬೇಕು ಅಂತ ಹೇಳಿ. ಆಹಾರ ತಾಗೋ ಮೈ ಆದ್ರೆ "ಸ್ಮೂತ್" ಅನ್ನೋ ಮಾತು ಬಿಟ್ಟು ಆರ್‌ಎ 0.8 ಮೈಕ್ರಾನ್ ಮ್ಯಾಕ್ಸಿಮಮ್ ಅಂತ ಹಾಕಿ, ಆರ್‌ಎ ಅಂದ್ರೆ ಮೈಯ ಒರಟುತನದ ಅಳತೆ, ಇದನ್ನ ಮೀಟರ್ ಇಟ್ಟು ಅಳೀಬಹುದು. ಪಿವಿಸಿ ಫಿಲಂ ಒಂದು ಕಡೆನಾ ಎರಡು ಕಡೆನಾ, ಲೇಸರ್ ಕಟಿಂಗ್‌ಗೆ ಆಗೋ ಫಿಲಮ್ಮಾ ಅನ್ನೋದೂ ಬರೀರಿ, ಇಲ್ಲಾಂದ್ರೆ ಕಟ್ ಮಾಡೋವಾಗ ಫಿಲಂ ಉಬ್ಬಿ ಎದ್ದು ಕೆಲಸ ಕೆಡುತ್ತೆ.

ಟಿಸಿ (ಟೆಸ್ಟ್ ಸರ್ಟಿಫಿಕೇಟ್) ಬಗ್ಗೆ ಗಟ್ಟಿಯಾಗಿರಿ. ಯುರೋಪಿನ ಸ್ಟ್ಯಾಂಡರ್ಡ್ ಇಎನ್ 10204ರ ಟೈಪ್ 3.1, ಅದೂ ಮಾಲು ತಯಾರ್ಸಿದ ಮಿಲ್ಲೇ ಕೊಟ್ಟಿದ್ದು, ಟ್ರೇಡರ್ ತನ್ನ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿದ್ದಲ್ಲ. ಟಿಸಿಲಿರೋ ಹೀಟ್ ನಂಬರು (ಒಂದೇ ಸಲ ಕರಗಿಸಿದ ಬ್ಯಾಚಿನ ನಂಬರು) ಪ್ರತಿ ಶೀಟಿನ ಮೇಲೂ ಪ್ರಿಂಟ್ ಆಗಿರ್ಬೇಕು. ಇನ್ನೊಂದು ಮಾತು, ಪಿಎಂಐ ಗನ್ (ಲೋಹದಲ್ಲಿ ಏನೇನಿದೆ ಅಂತ ತೋರ್ಸೋ ಕೈ ಮೆಷಿನ್ನು) ಇಟ್ಟು ಚೆಕ್ ಮಾಡಿಸ್ತೀವಿ ಅಂತ ನೆಮ್ಮದಿಯಾಗಿರ್ತೀರಲ್ಲ, ಎಕ್ಸ್‌ರೇಲಿ ನೋಡೋ ಎಕ್ಸ್‌ಆರ್‌ಎಫ್ ಗನ್‌ಗೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಕಾಣುತ್ತೆ, ಕಾರ್ಬನ್ ಕಾಣಲ್ಲ. ಹಾಗಾಗಿ ಅದು 201 ಹಿಡಿಯುತ್ತೆ, 304ಕ್ಕೂ 304ಎಲ್‌ಗೂ ವ್ಯತ್ಯಾಸ ಹೇಳಲ್ಲ, ಅದಕ್ಕೆ ಲ್ಯಾಬಲ್ಲಿ ಸ್ಪೆಕ್ಟ್ರೋ ಟೆಸ್ಟ್ ಮಾಡಿಸ್ಬೇಕು.

ಬಿಐಎಸ್ (ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್) ಮರೀಬೇಡಿ. ಸರ್ಕಾರದ ಕ್ವಾಲಿಟಿ ಕಂಟ್ರೋಲ್ ಆರ್ಡರ್ ವ್ಯಾಪ್ತಿಗೆ ಬರೋ ಐಟಂ ಆದ್ರೆ ಆ ಫಾರಿನ್ ಮಿಲ್ ಹತ್ರಾನೇ ಬಿಐಎಸ್ ಲೈಸೆನ್ಸ್ ಇರ್ಬೇಕು, ಶೀಟು ಪ್ಲೇಟಿಗೆ ಐಎಸ್ 6911. ಆಮೇಲೆ ಸಿಮ್ಸ್ ಅಂತ ಸ್ಟೀಲ್ ಇಂಪೋರ್ಟ್ ರಿಜಿಸ್ಟ್ರೇಶನ್. ಈ ರೂಲ್ಸ್ ಪದೇ ಪದೇ ಬದಲಾಗ್ತಿರುತ್ತೆ, ಅದಕ್ಕೆ ಪಿಒ ಮುಂಚೆ ನಿಮ್ಮ ಸಿಎಚ್‌ಎಗೆ (ಕಸ್ಟಮ್ಸ್ ಏಜೆಂಟ್) ಎಚ್‌ಎಸ್ ಕೋಡ್, ಅಂದ್ರೆ ಮಾಲಿನ ಕಸ್ಟಮ್ಸ್ ಕೋಡ್ ಕೊಟ್ಟು ಕೇಳಿ (600 ಎಂಎಂ ಮತ್ತು ಅದಕ್ಕಿಂತ ಅಗಲದ ಶೀಟು, ಕಾಯಿಲ್ ಆದ್ರೆ 7219ರಲ್ಲಿ ಬರುತ್ತೆ). ಚೆನ್ನೈ ಪೋರ್ಟಲ್ಲಿ ಕಂಟೇನರ್ ಕೂತು ಡೆಮರೇಜ್ (ತಡದ ಬಾಡಿಗೆ) ಏರ್ತಿರೋವಾಗ ಕೇಳಿದ್ರೆ ಏನೂ ಪ್ರಯೋಜನ ಇಲ್ಲ. ಮರದ ಪ್ಯಾಲೆಟ್ ಮೇಲೆ ಐಎಸ್‌ಪಿಎಂ 15 ಸೀಲ್ (ಮರಕ್ಕೆ ಹುಳ ಹಿಡಿದಂಗೆ ಟ್ರೀಟ್‌ಮೆಂಟ್ ಆಗಿದೆ ಅನ್ನೋ ಗುರುತು) ಬೇಕು ಅನ್ನೋದನ್ನೂ ಅಲ್ಲೇ ಸೇರಿಸಿ.

ಎಲ್‌ಸಿ (ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್) ಓಪನ್ ಮಾಡಿದೀವಿ, ಬ್ಯಾಂಕ್ ನೋಡ್ಕೊಳ್ಳುತ್ತೆ ಅಂತ ಕೂರೋರೂ ಇದಾರೆ. ಬ್ಯಾಂಕ್ ನೋಡೋದು ಡಾಕ್ಯುಮೆಂಟ್ ಮಾತ್ರ, ಮಾಲನ್ನಲ್ಲ, ಎಲ್‌ಸಿಗಳ ಅಂತರರಾಷ್ಟ್ರೀಯ ರೂಲ್ಸ್ ಆದ ಯುಸಿಪಿ 600ರ 5ನೇ ಆರ್ಟಿಕಲ್ ಅದನ್ನೇ ಹೇಳೋದು. ಹಾಗಾಗಿ ಎಸ್‌ಜಿಎಸ್, ಬ್ಯೂರೋ ವೆರಿಟಾಸ್ ಥರದ ಥರ್ಡ್ ಪಾರ್ಟಿ ಇನ್‌ಸ್ಪೆಕ್ಷನ್ ರಿಪೋರ್ಟ್ ಮತ್ತು ಮಿಲ್ ಟಿಸಿ ಎರಡನ್ನೂ ಎಲ್‌ಸಿಲಿ ಕೊಡ್ಲೇಬೇಕಾದ ಡಾಕ್ಯುಮೆಂಟ್ ಅಂತ ಹಾಕ್ಸಿ, ಆ ರಿಪೋರ್ಟಲ್ಲಿ ಮೈಕ್ರೋಮೀಟರ್ ಅಳತೆ, ಪಿಎಂಐ ರೀಡಿಂಗ್, ತೂಕ ಮೂರೂ ಇರ್ಬೇಕು ಅಂತಾನೂ ಬರೀರಿ. "ಅಂದಾಜು 20 ಟನ್" ಅಂತ ಬರದ್ರೆ ಅದೇ ರೂಲ್ಸ್ ಪ್ರಕಾರ 10 ಪರ್ಸೆಂಟ್ ಹೆಚ್ಚುಕಮ್ಮಿ ಕಳಿಸೋಕೆ ಅವನಿಗೆ ಅವಕಾಶ ಸಿಗುತ್ತೆ.

ಎಲ್ಲ ಸೇರಿಸಿದ್ರೆ ಪಿಒದ ಒಂದು ಐಟಂ ಹೀಗೆ ಕಾಣುತ್ತೆ, ನೀವು ಇಂಗ್ಲಿಷಲ್ಲಿ ಹಾಕ್ಕೊಳ್ಳಿ:

ಸ್ಟೇನ್‌ಲೆಸ್ ಶೀಟ್, ಎಎಸ್‌ಟಿಎಂ ಎ240, 304/304ಎಲ್ ಡ್ಯುಯಲ್ ಸರ್ಟಿಫೈಡ್, ಕಾರ್ಬನ್ ಮ್ಯಾಕ್ಸ್ 0.030, ನಿಕ್ಕಲ್ ಮಿನಿಮಮ್ 8.0. ಕೋಲ್ಡ್ ರೋಲ್ಡ್ 2ಬಿ, ಒಂದು ಕಡೆ ಲೇಸರ್ ಗ್ರೇಡ್ ಪಿವಿಸಿ. 1.50 ಬೈ 1250 ಬೈ 2500 ಎಂಎಂ, ದಪ್ಪ ಮಿನಿಮಮ್ 1.42. ಆಕ್ಚುಯಲ್ ನೆಟ್ ವೆಯ್ಟ್ ಬಿಲ್ಲಿಂಗ್. ಇಎನ್ 10204 3.1 ಮಿಲ್ ಟಿಸಿ, ಪ್ರತಿ ಶೀಟ್ ಮೇಲೆ ಹೀಟ್ ನಂಬರ್. ಸ್ಪೆಕ್‌ಗೆ ಹೊಂದದ ಮಾಲನ್ನ ಸಪ್ಲೈಯರ್ ಖರ್ಚಲ್ಲೇ ಬದಲಾಯಿಸ್ಬೇಕು, ಮಾಲು ಫ್ಯಾಕ್ಟರಿಗೆ ಬಂದ 45 ದಿನದೊಳಗೆ ಕ್ಲೈಮ್.

ಆ ಕೊನೇ ಸಾಲಲ್ಲಿ ದಿನದ ಲೆಕ್ಕ ಪೋರ್ಟಿಗೆ ಬಂದ ದಿನದಿಂದ ಅಲ್ಲ, ಫ್ಯಾಕ್ಟರಿಗೆ ಬಂದ ದಿನದಿಂದ ಇರ್ಲಿ, ಕ್ಲಿಯರೆನ್ಸ್ ಲೇಟಾದ್ರೆ ಆ 45 ದಿನದಲ್ಲಿ ಅರ್ಧ ಪೋರ್ಟಲ್ಲೇ ಕಳೆದೋಗಿರುತ್ತೆ. ಮಾಲು ಇಳಿದ ತಕ್ಷಣ ಬಂಡಲ್ ಬಿಚ್ಚೋ ಮುಂಚೆ ಫೋಟೋ ತೆಗೀರಿ, ವೇ ಬ್ರಿಡ್ಜ್ ಸ್ಲಿಪ್ ಇಟ್ಕೊಳ್ಳಿ, ಅಂಚಿಂದ ಕನಿಷ್ಠ ಒಂದು ಸೆಂಟಿಮೀಟರ್ ಒಳಕ್ಕೆ ಮೈಕ್ರೋಮೀಟರ್ ಇಟ್ಟು ನಾಲ್ಕು ಮೂಲೆ, ಉದ್ದದ ಎರಡೂ ಅಂಚಿನ ಮಧ್ಯ ಅಳೀರಿ, ಪ್ರತಿ ಹೀಟ್‌ನಿಂದ ಒಂದು ತುಂಡು ಲ್ಯಾಬ್‌ಗೆ ಕಳಿಸಿ. ರಿಪೋರ್ಟ್ ಬರೋವರೆಗೂ ಪ್ರೊಡಕ್ಷನ್‌ನವರು ಎಷ್ಟೇ ಅವಸರ ಮಾಡಿದ್ರೂ ಶೀಟ್ ಲೇಸರ್ ಬೆಡ್ ಹತ್ಸೋಕೆ ಬಿಡ್ಬೇಡಿ.