ಕೊಳವೆಯಿಲ್ಲದ ಫ್ಯೂಮ್ ಹುಡ್: ಪೀಣ್ಯದ ಪ್ರಯೋಗಾಲಯದಲ್ಲಿ ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ನಾನು ನೋಡಿಕೊಳ್ಳುವ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯವಿರುವುದು ಬಾಡಿಗೆ ಕಟ್ಟಡದ ನಡುವಿನ ಮಹಡಿಯಲ್ಲಿ. ರಾಸಾಯನಿಕಗಳ ಆವಿ ನಮ್ಮತ್ತ ಬಾರದಂತೆ ಗಾಳಿಯನ್ನು ಒಳಕ್ಕೆಳೆಯುವ, ಮುಂದೆ ಗಾಜಿನ ಬಾಗಿಲಿರುವ ಪೆಟ್ಟಿಗೆಯೇ ಫ್ಯೂಮ್ ಹುಡ್; ಸಾಮಾನ್ಯವಾಗಿ ಅದು ಆ ಗಾಳಿಯನ್ನು ಕೊಳವೆಯ ಮೂಲಕ ಕಟ್ಟಡದ ಹೊರಗೆ ಬಿಡುತ್ತದೆ. ತಾರಸಿಯವರೆಗೆ ಆ ಕೊಳವೆ ಒಯ್ಯಲು ಮಾಲೀಕರು ಒಪ್ಪದ ಕಾರಣ, ಆವಿ ಬೆರೆತ ಗಾಳಿಯನ್ನು ಸಕ್ರಿಯ ಇಂಗಾಲದಲ್ಲಿ (ಆವಿಯನ್ನು ಹಿಡಿದಿಡುವ, ಸೂಕ್ಷ್ಮ ರಂಧ್ರಗಳಿರುವ ಇದ್ದಿಲು) ಸೋಸಿ ಮತ್ತೆ ಕೋಣೆಗೇ ಬಿಡುವ ಫ್ಯೂಮ್ ಹುಡ್ ಹಾಕಿಸಿದೆವು. ಸೋಸಿದ ಗಾಳಿಯನ್ನೇ ನಾವು ಉಸಿರಾಡುವುದರಿಂದ ಇಲ್ಲಿ ಫಿಲ್ಟರಿನ ಆಯ್ಕೆಯೇ ಮುಖ್ಯ.

ಬೆಲೆ ವಿಚಾರಿಸುವ ಮೊದಲೇ, ಬಳಸುವ ಪ್ರತಿಯೊಂದು ರಾಸಾಯನಿಕವನ್ನೂ, ಒಮ್ಮೆಗೆ ತೆರೆದಿಡುವ ಪ್ರಮಾಣವನ್ನೂ, ಅದನ್ನು ಕಾಯಿಸುತ್ತೇವೆಯೇ ಎಂಬುದನ್ನೂ ಪಟ್ಟಿ ಮಾಡಿ ತಯಾರಕರಿಗೆ ಕೊಟ್ಟು, ಯಾವುದಕ್ಕೆ ಯಾವ ಫಿಲ್ಟರ್ ಎಂಬುದನ್ನು ಲಿಖಿತವಾಗಿ ಪಡೆದೆವು. ಟಾಲುಯೀನ್, ಝೈಲೀನ್ ದ್ರಾವಕಗಳ ಆವಿಯನ್ನು ಇಂಗಾಲ ಚೆನ್ನಾಗಿ ಹಿಡಿಯುತ್ತದೆ. ಮೆಥನಾಲ್ ಮತ್ತು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಡೈಕ್ಲೋರೋಮೀಥೇನ್ ಅದರಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಅಮೋನಿಯಾ, ಫಾರ್ಮಾಲ್ಡಿಹೈಡ್‌ಗಳಿಗೆ ಬೇರೆ ರಾಸಾಯನಿಕ ಸೇರಿಸಿ ಸಿದ್ಧಪಡಿಸಿದ ಇಂಗಾಲವೇ ಬೇಕು. ಹೆಪಾ ಫಿಲ್ಟರ್ ಇದ್ದರೆ ಸಾಕೆಂದು ನಂಬಿದವರನ್ನು ಕಂಡಿದ್ದೇನೆ. ಅದು ತಡೆಯುವುದು ಕಣಗಳನ್ನು, ಆವಿಯನ್ನಲ್ಲ. ಪರ್ಕ್ಲೋರಿಕ್ ಆಮ್ಲವನ್ನು ಕಾಯಿಸುವ ಪರೀಕ್ಷೆಗಳನ್ನಂತೂ ನಾವು ಇಟ್ಟುಕೊಳ್ಳಲೇ ಇಲ್ಲ. ಅದರ ಆವಿ ಒಳಭಾಗಗಳಲ್ಲಿ ಕೂತು ಸ್ಫೋಟಿಸಬಲ್ಲ ಪರ್ಕ್ಲೋರೇಟ್ ಆಗುವುದರಿಂದ, ನೀರಿನಿಂದ ತೊಳೆಯುವ ವ್ಯವಸ್ಥೆಯಿರುವ ಕೊಳವೆಯ ಹುಡ್ ಇದ್ದಲ್ಲಿಗೇ ಆ ಮಾದರಿಗಳನ್ನು ಕಳಿಸುತ್ತೇವೆ.

ಹುಡ್‌ನ ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 0.5 ಮೀಟರ್ ಇರುವಂತೆ ಅನಿಮೋಮೀಟರ್ ಹಿಡಿದು ನೋಡುತ್ತೇವೆ. ಆದರೆ ಈ ಅಂಕಿಯೊಂದನ್ನೇ ನೆಚ್ಚುವಂತಿಲ್ಲ. ಹೊಗೆ ಬಿಟ್ಟು ಪರೀಕ್ಷಿಸಿದಾಗ, ಸೀಲಿಂಗ್ ಫ್ಯಾನ್ ತಿರುಗುತ್ತಿದ್ದಷ್ಟು ಹೊತ್ತೂ ಹೊಗೆಯ ಎಳೆಯೊಂದು ಗಾಜಿನ ಕೆಳಅಂಚಿನಿಂದ ಹೊರಗೆ ಸುಳಿಯುತ್ತಿತ್ತು. ಫ್ಯಾನ್ ನಿಲ್ಲಿಸಿದೊಡನೆ ಒಳಕ್ಕೆ ಹರಿಯಿತು. ಆ ಫ್ಯಾನನ್ನು ತೆಗೆಸಿದೆವು. ಬೀಕರ್‌ಗಳನ್ನು ಅಂಚಿನಿಂದ ಕನಿಷ್ಠ 15 ಸೆಂಟಿಮೀಟರ್ ಒಳಗಿಡುವುದು ನಮ್ಮಲ್ಲಿ ಕಡ್ಡಾಯ.

ಫಿಲ್ಟರ್ ತುಂಬಿತೇ ಎಂದು ತಿಳಿಯಲು ಮೂಗನ್ನು ನಂಬಬಾರದು. ಕ್ಲೋರೋಫಾರ್ಮ್‌ನ ವಾಸನೆ ಗೊತ್ತಾಗುವ ಹೊತ್ತಿಗೆ ಸುರಕ್ಷಿತ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ. ಆದ್ದರಿಂದ ಹುಡ್‌ನಲ್ಲಿ ಒಂದರ ನಂತರ ಒಂದಾಗಿರುವ ಎರಡು ಫಿಲ್ಟರುಗಳ ನಡುವಿನ ಗಾಳಿಯನ್ನು ಡಿಟೆಕ್ಟರ್ ಟ್ಯೂಬ್‌ನಿಂದ (ಆವಿ ತಾಗಿದರೆ ಬಣ್ಣ ಬದಲಿಸುವ ಗಾಜಿನ ನಳಿಕೆ) ಪರೀಕ್ಷಿಸಿ, ಬಳಸಿದ ದ್ರಾವಕದ ಲೆಕ್ಕದೊಂದಿಗೆ ದಾಖಲಿಸುತ್ತೇವೆ. ಬೆಂಗಳೂರಿನ ಮಳೆಗಾಲದಲ್ಲಿ ತೇವಾಂಶವೂ ಇಂಗಾಲದಲ್ಲಿ ಜಾಗ ಹಿಡಿಯುವುದರಿಂದ ಆಗ ಈ ಪರೀಕ್ಷೆಯನ್ನು ಇನ್ನಷ್ಟು ಬೇಗಬೇಗ ಮಾಡುತ್ತೇವೆ. ತೆಗೆದ ಫಿಲ್ಟರನ್ನು ಒಡನೆಯೇ ದಪ್ಪ ಚೀಲದಲ್ಲಿ ಮುಚ್ಚಿ, ಹೀರಿದ ರಾಸಾಯನಿಕಗಳ ಹೆಸರು ಬರೆದು, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ವಿಲೇವಾರಿದಾರರಿಗೆ ಒಪ್ಪಿಸುತ್ತೇವೆ.